ತೀರ್ಥರಾಮ ಉಸಿರು ಕಟ್ಟಿದ ದಿನ

ಎಲ್ಲದಕ್ಕೂ ಕಾರಣ ಬಟ್ಟೆ ಒಣಹಾಕುವ ಒಂದು ಕ್ಲಿಪ್ಪು. ಅದನ್ನು ಮೂಗಿಗೆ ಸಿಕ್ಕಿಸಿಕೊಳ್ಳದೆ ಇದ್ದಿದ್ದರೆ ತೀರ್ಥರಾಮನಿಗೆ ವಾಸನೆ ಬರುತ್ತಿತ್ತು. ವಾಸನೆ ಬಂದಿದ್ದರೆ ಆ ಶುಕ್ರವಾರ ಬೆಳಕು ಹರಿಯುವ ಮೊದಲೇ ಅವನು ಕೊಟ್ಟಿಗೆಯ ಹಿಂದಿನ ಡ್ರಮ್ಮಿಗೆ ತಲೆ ಹಾಕುತ್ತಿರಲಿಲ್ಲ.

ಗುತ್ತಿಗಾರಿನ ತೀರ್ಥರಾಮ ವಿಮೆ ಏಜೆಂಟ. ಊರಿನ ಲೆಕ್ಕದಲ್ಲಿ ದಮ್ಮಿನ ರೋಗಿ. ಆರು ವರ್ಷದ ಹಿಂದೆ ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಬಿಡುವ ದಿನ ಅವನಿಗೆ ಒಮ್ಮೆ ಕೆಮ್ಮು ಬಂದಿತ್ತು. "ನೀವು ಒಳಗೆ ಕೂತ್ಕೊಳ್ಳಿ" ಎಂದಳು ಹೆಂಡತಿ ಮೋಹಿನಿ. ಮೈಲುತುತ್ತು, ಸುಣ್ಣ ಬೆರೆಸಿ ಹೊರಗೆ ಎಲ್ಲರೂ ಬೆವರು ಸುರಿಸುವಾಗ ಒಳಗೆ ಕೂತರೆ ಎಷ್ಟು ಸುಖ ಎಂಬುದು ಅವನಿಗೆ ಅಂದು ತಿಳಿಯಿತು. ಕೆಮ್ಮು ಮೂರೇ ದಿನಕ್ಕೆ ಹೊರಟಿತು. ತೀರ್ಥರಾಮ ಅದನ್ನು ಹೋಗಲು ಬಿಡಲಿಲ್ಲ. ಅಂದಿನಿಂದ ಯಾರಾದರೂ ಮದ್ದು ಎಂದರೆ ಸಾಕು, ಅವನ ಎದೆ ಹಳೆಯ ಹಾರ್ಮೋನಿಯಂನ ಹಾಗೆ ಕುಂಯ್ ಎನ್ನುತ್ತಿತ್ತು. ಪಾಪ ಮೋಹಿನಿ, ತರಬೇತಿಗೆ ಹೋಗಿ ಮರ ಹತ್ತದೆ ನೆಲದಲ್ಲೇ ನಿಂತು ಉದ್ದ ಕೋಲಿನ ದೋಟಿಯಲ್ಲಿ ಮದ್ದು ಬಿಡುವುದನ್ನು ತಾನೇ ಕಲಿತುಕೊಂಡಳು.

ಇಂಥ ರೋಗಿ ಪುತ್ತೂರಿಗೆ ಹೋಗಿ ಜಿಬಿನ್ ಎಂಬ ಈಜು ಕಲಿಸುವ ಹುಡುಗನಿಗೆ ಪಾಲಿಸಿ ಮಾರಲು ನೋಡಿದ. ಜಿಬಿನ್ ಪಾಲಿಸಿ ಮಾಡಿಸಲಿಲ್ಲ. ಬದಲಿಗೆ ತೀರ್ಥರಾಮನನ್ನೇ ಟ್ರಯತ್ಲಾನಿಗೆ ಸೇರಿಸಿಬಿಟ್ಟ. ಮೊದಲು ಈಜು, ಅದರ ಬೆನ್ನಿಗೆ ಸೈಕಲ್ಲು, ಅದರ ಬೆನ್ನಿಗೆ ಓಟ. ಮುಗಿಸಿದವರಿಗೆ ಕೊರಳಿಗೆ ಪದಕ. ಜೀವಮಾನದಲ್ಲಿ ಬೇರೆಯವರ ಕೊರಳಿಗೆ ಹಾರ ಹಾಕಿಯೇ ಗೊತ್ತಿದ್ದ ತೀರ್ಥರಾಮನಿಗೆ ಆ ಪದಕ ಕನಸಿನಲ್ಲಿ ಬರತೊಡಗಿತು. ಸ್ಪರ್ಧೆ ಈ ಭಾನುವಾರ, ಮಂಗಳೂರಿನಲ್ಲಿ. ಮನೆಯಲ್ಲಿ "ಏಜೆಂಟರ ಮೀಟಿಂಗ್ ಉಂಟು" ಎಂದು ಹೇಳಿಯಾಗಿತ್ತು.

ಸೈಕಲ್ಲು, ಓಟ ಹೇಗೋ ಆಗುತ್ತಿತ್ತು. ಆದರೆ ನೀರಿಗೆ ಮುಖ ಹಾಕಿದರೆ ನಾಲ್ಕು ಕೈ ಬೀಸುವಷ್ಟರಲ್ಲಿ ಎದೆ ಒದೆಯುತ್ತಿತ್ತು.

"ಅಣ್ಣ, ನಿಮಗೆ ಗಾಳಿ ಕಮ್ಮಿ ಆಗುದಲ್ಲ, ಹೆದರಿಕೆ ಜಾಸ್ತಿ ಆಗುದು" ಎಂದಿದ್ದ ಜಿಬಿನ್. "ಎದೆ ಒದೀಲಿ ಬಿಡಿ. ಉಸಿರು ಕಟ್ಟಿ ಅಭ್ಯಾಸ ಮಾಡಿದ್ರೆ ಸರಿ ಆಗ್ತದೆ. ಆದ್ರೆ ಒಂದು ಮಾತು, ನೀರಲ್ಲಿ ಒಬ್ರೇ ಇರುವಾಗ ಮಾತ್ರ ಬೇಡ. ತುಟಿ ನೀಲಿ ಆಯ್ತಾ, ಕತೆ ಮುಗೀತು!"

ಡ್ರಮ್ಮು ಕೊಳವೂ ಅಲ್ಲ, ಹೊಳೆಯೂ ಅಲ್ಲ, ಕಾಲು ನೆಲದ ಮೇಲೆಯೇ ಇರುತ್ತದೆ, ಆದ್ದರಿಂದ ಆ ಮಾತು ಡ್ರಮ್ಮಿಗೆ ಹೊಂದುವುದಿಲ್ಲ ಎಂದು ತೀರ್ಥರಾಮ ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಪಾಲಿಸಿಯ ಷರತ್ತುಗಳನ್ನು ಬೇಕಾದ ಹಾಗೆ ಓದಿ ಅವನಿಗೆ ಅಭ್ಯಾಸವಿತ್ತು.

ಒಂದು ತಿಂಗಳಿಂದ ದಿನಾ ನಸುಕಿನಲ್ಲಿ ಆ ಡ್ರಮ್ಮಿನ ನೀರಿನಲ್ಲೇ ಅಭ್ಯಾಸ ನಡೆದಿತ್ತು. ಶುಕ್ರವಾರವೂ ಹಾಗೆಯೇ. ಮುಖಕ್ಕೆ ತೆಂಗಿನೆಣ್ಣೆ ಸವರಿಕೊಂಡು, ಈಜಿನ ಕನ್ನಡಕ ಬಿಗಿದು, ಮೂಗಿಗೆ ಕ್ಲಿಪ್ಪು ಸಿಕ್ಕಿಸಿ, ಕತ್ತಲಲ್ಲಿ ಡ್ರಮ್ಮಿಗೆ ಬಾಗಿದ. ಮುಖವನ್ನು ಮತ್ತೆ ಮತ್ತೆ ಮುಳುಗಿಸಿದ. ಕೊನೆಗೆ ಕನ್ನಡಕ ಬಿಚ್ಚಿಟ್ಟು, ಕ್ಲಿಪ್ಪನ್ನು ಅಂಗಿಯ ಕಾಲರಿಗೆ ಸಿಕ್ಕಿಸಿ, ಹಾಲಿನ ಕ್ಯಾನು ಹಿಡಿದು ಡಿಪೋಗೆ ಹೊರಟ. ಆ ಮನೆಯಲ್ಲಿ ಅವನಿಗಿದ್ದ ಭಾರದ ಕೆಲಸ ಅದೊಂದೇ, ಎರಡು ಲೀಟರ್ ಹಾಲು. ಮುಖ ಗಾಳಿಗೆ ಒಣಗಿತು. ದಾರಿಯಲ್ಲಿ ಒಣ ಅಭ್ಯಾಸವೂ ಆಗಲಿ ಎಂದು ಮೋರಿಯ ಹತ್ತಿರ ಉಸಿರು ಎಳೆದುಕೊಂಡ. ಡಿಪೋದ ಮೆಟ್ಟಿಲು ಮುಟ್ಟುವವರೆಗೆ ಬಿಡುವುದಿಲ್ಲ ಎಂದು ಪಣ.

ಡಿಪೋದ ಜಗುಲಿಯಲ್ಲಿ ರಬ್ಬರ್ ತೋಟದ ಮಾಥ್ಯೂ ನಿಂತಿದ್ದ. ತಿರುಗಿ ನೋಡಿದವನ ಕೈಯಿಂದ ಹಾಲಿನ ಪಾತ್ರೆ ಜಾರಿತು.

"ಎಂಡೆ ಕರ್ತಾವೇ, ನನ್ನ ದೇವರೇ! ತೀರ್ಥಣ್ಣಾ, ಎಂತ ಆಯ್ತು ನಿಮಗೆ?"

ಕೆನ್ನೆ ಕುಂಬಳಕಾಯಿಯ ಹಾಗೆ ಊದಿ, ಕಣ್ಣು ಹೊರಗೆ ಬಂದು, ತೀರ್ಥರಾಮ ನಡೆದು ಬರುತ್ತಿದ್ದ. ಮೆಟ್ಟಿಲಿಗೆ ಇನ್ನೂ ಹತ್ತು ಹೆಜ್ಜೆ ಇತ್ತು. ಮಾತಾಡಿದರೆ ಪಣ ಹೋಗುತ್ತದೆ. "ಒಂದು ನಿಮಿಷ" ಎಂದು ಬೆರಳು ಮೇಲೆತ್ತಿದ.

"ಮೇಲೆ ತೋರಿಸ್ತಾ ಇದ್ದಾರೆ! ದೇವರ ಹತ್ರ ಹೋಗ್ತೇನೆ ಹೇಳ್ತಾ ಇದ್ದಾರೆ!" ಎಂದು ಮಾಥ್ಯೂ ಬೊಬ್ಬೆ ಹಾಕಿದ.

ಹಿರಿಯ ದೇರಣ್ಣ ಓಡಿ ಬಂದರು. ಊರಿನಲ್ಲಿ ಯಾರಿಗೆ ಏನಾದರೂ ಡಾಕ್ಟರಿಗಿಂತ ಮೊದಲು ಅವರೇ ಕಾಯಿಲೆಗೆ ಹೆಸರಿಡಬೇಕು. ಮೀನಿನ ಬೈಕು ನಿಲ್ಲಿಸಿ ಅಬ್ದುಲ್ಲನೂ ಬಂದ.

"ಮುಖ ಪೂರ್ತಿ ನೀಲಿ! ಇದು ಹಾವೇ. ವಿಷ ತಲೆಗೆ ಏರಿ ಆಗಿದೆ" ಎಂದರು ದೇರಣ್ಣ.

"ನಂಗೆ ಕಾಣುದು ಇದು ತೋಟದ ಮದ್ದಿನ ಬಣ್ಣ ಅಂತ" ಎಂದ ಅಬ್ದುಲ್ಲ ಮೆಲ್ಲಗೆ.

"ನಿಂಗೆ ಎಂತ ಗೊತ್ತುಂಟು ಮಾರಾಯ? ಇವನು ದಮ್ಮಿನವ. ಆರು ವರ್ಷದಿಂದ ಮದ್ದಿನ ಡ್ರಮ್ಮು ಮುಟ್ಲಿಲ್ಲ. ಇವನ ಮುಖಕ್ಕೆ ಮದ್ದು ಬರುದು ಹೇಗೆ? ನೀನು ಬಂಗುಡೆ ವಿಷಯ ಮಾತ್ರ ಮಾತಾಡು."

ಉಸಿರು ಬಿಟ್ಟ ತೀರ್ಥರಾಮನಿಗೆ "ಮುಖ ನೀಲಿ" ಎಂಬುದು ಮಾತ್ರ ಕೇಳಿಸಿತು. ಜಿಬಿನ್ ಹೇಳಿದ್ದು ನೆನಪಾಯಿತು. ಬರೀ ತುಟಿ ನೀಲಿಯಾದರೇ ಕತೆ ಮುಗಿದ ಹಾಗೆ. ಮುಖ ಪೂರ್ತಿ ನೀಲಿಯಾದರೆ? ಅವನು ಅಲ್ಲೇ ಕುಸಿದು ಕೂತ. ಹಾವಿನ ವಿಷ ಏರಿದವರಿಗೆ ಖಾರ ತಿಳಿಯುವುದಿಲ್ಲವೆಂದು ದೇರಣ್ಣ ಪರೀಕ್ಷೆಗೆ ಅವನ ಬಾಯಿಗೆ ನಾಲ್ಕು ಕಾಳುಮೆಣಸು ತುರುಕಿದರು.

"ಜಗಿ. ಖಾರ ಉಂಟಾ?"

"ಗೊತ್ತಾಗುದಿಲ್ಲ ದೇರಣ್ಣ" ಎಂದ ತೀರ್ಥರಾಮ. ಹೆದರಿಕೆಯಲ್ಲಿ ಅವನಿಗೆ ನಾಲಿಗೆ ಇರುವುದೇ ಮರೆತುಹೋಗಿತ್ತು.

"ನೋಡಿದ್ರಾ? ನಾಗನೇ!" ಯಾವ ಕಾಲಿಗೆ ಕಚ್ಚಿದೆ ಎಂದು ಗೊತ್ತಾಗದ ಕಾರಣ ದೇರಣ್ಣ ಹೆಗಲ ಮೇಲಿನ ಬೈರಾಸು ಹರಿದು ಎರಡೂ ಕಾಲಿಗೆ ಕಟ್ಟಿದರು. ಮಾಥ್ಯೂ ಜೀಪು ತಂದ. ದಾರಿಯಲ್ಲಿ ತೀರ್ಥರಾಮನ ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದ.

ಮೋಹಿನಿ ಓಡಿ ಬಂದಳು. ಗಂಡನ ಮುಖ ನೋಡಿದಳು. ಒಂದು ಗಳಿಗೆ ಹಾಗೆಯೇ ನಿಂತಳು. ಆಮೇಲೆ ಎದೆ ಬಡಿದುಕೊಂಡು ಎಂಥ ಕೂಗು ಕೂಗಿದಳೆಂದರೆ ಆಚೆ ಗುಡ್ಡದ ನಾಯಿಗಳೆಲ್ಲ ಬೊಗಳಿದವು. "ಅಯ್ಯೋ, ನನ್ನ ಗತಿ ಎಂತ! ದಮ್ಮಿನ ಮನುಷ್ಯ, ಯಾರಿಗೂ ಒಂದು ಮಾತು ಹೇಳಿದವರಲ್ಲ!" ಅಳುತ್ತಲೇ ಒಳಗೆ ಹೋಗಿ ಒಂದು ಚೀಲ ತುಂಬಿಕೊಂಡು ಬಂದು ಜೀಪು ಹತ್ತಿದಳು. ಆ ಅಳು ಕೇಳಿ ತೀರ್ಥರಾಮನ ಕಣ್ಣಲ್ಲೂ ನೀರು ಬಂತು. ಇವಳಿಗೆ ನನ್ನ ಮೇಲೆ ಇಷ್ಟು ಪ್ರೀತಿ ಇತ್ತೇ!

ಕಣ್ಣೀರು ಒರೆಸಿಕೊಂಡ. ಬೆರಳು ನೀಲಿಯಾಯಿತು.

ಮೇಲೆ ನೋಡಿದ. ಜೀಪಿನ ಕನ್ನಡಿಯಲ್ಲಿ ಒಂದು ಮುಖ ಅವನನ್ನೇ ನೋಡುತ್ತಿತ್ತು. ತಿಳಿ ನೀಲಿ ಬಣ್ಣ, ಕಣ್ಣಿನ ಸುತ್ತ ಗೂಬೆಯ ಹಾಗೆ ಎರಡು ಬಿಳಿ ಉಂಗುರ, ಕೆನ್ನೆಯ ಮೇಲೆ ಕಣ್ಣೀರು ಇಳಿದ ಗೆರೆ. ಆಗ ಅವನಿಗೆ ಎಲ್ಲ ಹೊಳೆಯಿತು. ನಿನ್ನೆ ಸಂಜೆ ತಾನು ಪುತ್ತೂರಿನ ಕೊಳದಲ್ಲಿ ಕೈಕಾಲು ಬಡಿಯುವಾಗ ಮೋಹಿನಿ ಮದ್ದು ಬೆರೆಸಿರಬೇಕು. ಮಳೆ ಬಂದದ್ದರಿಂದ ಬಿಡಲಿಕ್ಕೆ ಆಗದೆ ಅದು ಡ್ರಮ್ಮಿನಲ್ಲೇ ಉಳಿದಿರಬೇಕು. ಡ್ರಮ್ಮೂ ನೀಲಿ, ಮದ್ದೂ ನೀಲಿ, ಮೇಲಿಂದ ಕತ್ತಲು, ಮೂಗಿಗೆ ಕ್ಲಿಪ್ಪು!

ಸಾಯುವುದಿಲ್ಲ ಎಂದು ಒಮ್ಮೆ ಸಮಾಧಾನವಾಯಿತು. ಮರುಕ್ಷಣ ಅದಕ್ಕಿಂತ ದೊಡ್ಡ ಹೆದರಿಕೆ ಹಿಡಿಯಿತು. ಮದ್ದಿನ ಡ್ರಮ್ಮಿಗೆ ಮುಖ ಯಾಕೆ ಹಾಕಿದ್ದು ಎಂದು ಕೇಳಿದರೆ? ಉಸಿರು ಕಟ್ಟುವ ಅಭ್ಯಾಸ ಎನ್ನಬೇಕು. ದಮ್ಮಿನವನಿಗೆ ಉಸಿರು ಕಟ್ಟುವ ಅಭ್ಯಾಸವೇ? ಆರು ವರ್ಷದ ಕೆಮ್ಮು ಒಂದೇ ಮಾತಿಗೆ ಗುಣವಾಗಿಬಿಡುತ್ತದೆ. ಅದರ ಬದಲು ಹಾವು ಕಚ್ಚಿದ್ದೇ ಲೇಸು. ಅವನು ಕಣ್ಣು ಮುಚ್ಚಿ ನರಳತೊಡಗಿದ. ಮೆಲ್ಲಗೆ ಮುಖ ಒರೆಸಲು ಕೈ ಎತ್ತಿದರೆ ಮೋಹಿನಿ ಗಪ್ಪೆಂದು ಹಿಡಿದಳು.

"ಮುಟ್ಬೇಡಿ, ಮುಟ್ಬೇಡಿ! ಡಾಕ್ಟ್ರು ಹಾಗೆಯೇ ನೋಡ್ಲಿ!"

ಸುಳ್ಯದ ಆಸ್ಪತ್ರೆಯಲ್ಲಿ ಡಾಕ್ಟರ್ ಫರ್ಝಾನಾ ಬೆಚ್ಚಿ ಎದ್ದು ನಿಂತರು. ಬೆರಳಿಗೆ ಯಂತ್ರ ಸಿಕ್ಕಿಸಿದರು. ಆಮ್ಲಜನಕ ತೊಂಬತ್ತೊಂಬತ್ತು. ಯಂತ್ರ ಹಾಳಾಗಿರಬೇಕೆಂದು ತಮ್ಮ ಬೆರಳಿಗೆ ಹಾಕಿ ನೋಡಿದರು. ಅವರದ್ದೇ ತೊಂಬತ್ತೇಳು! ಮತ್ತೆ ಒಂದು ಒದ್ದೆ ಹತ್ತಿ ತೆಗೆದು ಅವನ ಹಣೆಯ ಮೇಲೆ ಎಳೆದರು. ಹತ್ತಿ ನೀಲಿಯಾಯಿತು, ಹಣೆಯಲ್ಲಿ ಮನುಷ್ಯರ ಬಣ್ಣ ಕಂಡಿತು.

"ಇದು ಮೈಲುತುತ್ತು ಅಲ್ವಾ?"

"ನಾನು ಎಂತ ಹೇಳಿದ್ದು?" ಎಂದ ಅಬ್ದುಲ್ಲ. ಮೀನು ಬಿಟ್ಟು ಜೀಪಿನ ಹಿಂದೆಯೇ ಬಂದಿದ್ದ ಅವನು.

ದೇರಣ್ಣನ ಮುಖ ಕಪ್ಪಿಟ್ಟಿತು. "ಅಲ್ಲ ತೀರ್ಥ, ನೀನು ಮದ್ದಿನ ಹತ್ರ ಹೋದದ್ದು ಎಂತಕ್ಕೆ?"

ಎಲ್ಲರ ಕಣ್ಣೂ ತೀರ್ಥರಾಮನ ಮೇಲೆ. ಏಜೆಂಟನ ಬುದ್ಧಿ ಕೈ ಬಿಡಲಿಲ್ಲ.

"ಕತ್ತಲಲ್ಲಿ ಕಾಲು ಜಾರಿತು... ಡ್ರಮ್ಮಿಗೆ ಬಿದ್ದೆ... ಮದ್ದು ಒಳಗೆ ಹೋಗಿ... ಕುಂಯ್... ದಮ್ಮು..."

"ಛೆ ಛೆ, ಪಾಪ!" ಎಂದ ಮಾಥ್ಯೂ. ದೇರಣ್ಣ ಬೆನ್ನು ಸವರಿದರು. ಗೆದ್ದೆ ಎಂದುಕೊಂಡ ತೀರ್ಥರಾಮ ಇನ್ನೊಂದು ಕುಂಯ್ ಸೇರಿಸಿದ.

"ದಮ್ಮಿನವರ ಎದೆಗೆ ಮದ್ದು ಹೋದ್ರೆ ಕಷ್ಟ. ಎಕ್ಸ್‌ರೇ ತೆಗೆದೇ ನೋಡುವ" ಎಂದರು ಡಾಕ್ಟರ್.

ಎಕ್ಸ್‌ರೇ ಕೋಣೆಯಲ್ಲಿ ಅಕ್ಷಿತ್ ಎಂಬ ಹುಡುಗ ತೀರ್ಥರಾಮನ ಬರಿ ಎದೆಯನ್ನು ತಣ್ಣನೆಯ ಹಲಗೆಗೆ ಒತ್ತಿ ನಿಲ್ಲಿಸಿದ. ಒಳಗೆ ಹೋಗಿ ಕೂಗಿದ: "ಜೋರಾಗಿ ಉಸಿರು ತೆಗೊಳ್ಳಿ. ಹಿಡ್ಕೊಳ್ಳಿ. ನಾನು ಹೇಳುವವರೆಗೆ ಬಿಡ್ಬೇಡಿ."

ಅಷ್ಟರಲ್ಲಿ ಕರೆಂಟು ಹೋಯಿತು. ಅಕ್ಷಿತ್ ಬೈದುಕೊಂಡು ಜನರೇಟರ್ ನೋಡಲು ಹೊರಗೆ ಓಡಿದ.

ಬಿಡಿ ಎಂದು ಯಾರೂ ಹೇಳಲಿಲ್ಲ. ಕತ್ತಲು, ಮೌನ, ಎದೆ ತುಂಬ ಗಾಳಿ. ಬಿಡಬಹುದಿತ್ತು. ಆದರೆ ಒಂದು ತಿಂಗಳಿಂದ ಇಂಥ ನೆಮ್ಮದಿಯ ಜಾಗ ಅವನಿಗೆ ಸಿಕ್ಕಿರಲಿಲ್ಲ. ಇಣುಕುವ ಹೆಂಡತಿ ಇಲ್ಲ, ಕೂಗುವ ಮಾಥ್ಯೂ ಇಲ್ಲ. ಎದೆ ಒಮ್ಮೆ ಒದೆಯಿತು. ಒದೀಲಿ ಬಿಡಿ ಎಂದಿದ್ದನಲ್ಲ ಜಿಬಿನ್? ಎರಡನೆಯ ಸಲ ಒದೆಯಿತು. ತೀರ್ಥರಾಮ ಪದಕವನ್ನು ನೆನೆದುಕೊಂಡ. ಮೂರನೆಯ ಒದೆತಕ್ಕೆ ಅವನಿಗೆ ನಗೆಯೇ ಬಂತು. ಹೆದರಿಕೆ ಪೂರ್ತಿ ಹೋಗಿತ್ತು!

ದೀಪ ಬಂತು. ಅಕ್ಷಿತ್ ಒಳಗೆ ಬಂದು ನೋಡುತ್ತಾನೆ, ರೋಗಿ ಇನ್ನೂ ಹಲಗೆ ತಬ್ಬಿಕೊಂಡು ಕೆನ್ನೆ ಊದಿಸಿ ನಿಂತಿದ್ದಾನೆ!

"ಅಯ್ಯೋ ದೇವರೇ! ಬಿಡಿ, ಮಾರಾಯ್ರೇ, ಬಿಡಿ! ಕರೆಂಟ್ ಹೋಗಿ ಎರಡೂವರೆ ನಿಮಿಷ ಆಯ್ತು!"

"ಎರಡೂವರೆಯಾ?" ತೀರ್ಥರಾಮ ಉಸಿರು ಬಿಟ್ಟವನೇ ಬರಿ ಮೈಯಲ್ಲಿ ಹೊರಗೆ ಹಾರಿದ. "ಎರಡೂವರೆ ನಿಮಿಷ! ಒಂದೇ ಉಸಿರು! ಜಿಬಿನ್‌ಗೆ ಫೋನ್ ಮಾಡಿ, ಭಾನುವಾರ ಟ್ರಯತ್ಲಾನಿನಲ್ಲಿ ಈಜುದು ಗ್ಯಾರಂಟಿ ಅಂತ ಹೇಳಿ!"

ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ತೀರ್ಥರಾಮನ ಕೈ ಮೇಲೆಯೇ ಉಳಿಯಿತು.

"ಯಾವ ಜಿಬಿನ್?" ಎಂದ ಮಾಥ್ಯೂ. "ಪುತ್ತೂರಲ್ಲಿ ಈಜು ಕಲಿಸುವ ನಮ್ಮ ಅಕ್ಕನ ಮಗ ಜಿಬಿನಾ? ಗುತ್ತಿಗಾರಿನ ಒಬ್ಬ ಏಜೆಂಟ್ ದಿನಾ ಬಂದು ಎಮ್ಮೆ ಹಾಗೆ ನೀರು ಕುಡೀತಾರೆ ಅಂತ ಅವ ಹೇಳಿದ್ದು ನಿಮ್ಮನ್ನಾ?"

ಡಾಕ್ಟರ್ ಎದೆಗೆ ಕೊಳವೆ ಇಟ್ಟು ಹಿಂದೆ ಮುಂದೆ ಕೇಳಿದರು. ಅಕ್ಷಿತ್ ಮತ್ತೆ ನಿಲ್ಲಿಸಿ ತೆಗೆದ ಎಕ್ಸ್‌ರೇಯನ್ನೂ ನೋಡಿದರು. "ಇವರಿಗೆ ದಮ್ಮು ಇಲ್ಲ, ಏನೂ ಇಲ್ಲ. ಕುದುರೆಯ ಎದೆ ಇದು."

ಅಲ್ಲಿಯವರೆಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದ ಮೋಹಿನಿ ತಲೆ ಎತ್ತಿದಳು. ಕಣ್ಣು ಒಣಗಿತ್ತು.

"ಡಾಕ್ಟ್ರೇ, ಇನ್ನೊಮ್ಮೆ ಸ್ವಲ್ಪ ದೊಡ್ಡದಾಗಿ ಹೇಳಿ. ಊರಿನವರಿಗೂ ಕೇಳ್ಲಿ."

ಡಾಕ್ಟರ್ ಹೇಳಿದರು.

"ದೋಟಿ ಹಿಡಿದು ತೋಟಕ್ಕೆ ಮದ್ದು ಬಿಡ್ಬಹುದಾ?"

"ಮಾಸ್ಕ್ ಹಾಕಿ ಧಾರಾಳ ಬಿಡ್ಬಹುದು."

ಗಂಡನನ್ನು ಕೈ ಹಿಡಿದು ಮೋಹಿನಿ ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. ಬೆಳಗ್ಗೆ ಮನೆಯಿಂದ ತಂದ ಚೀಲ ಬಿಚ್ಚಿದಳು. ಹಾಸು, ಹೊದಿಕೆ, ಗಂಜಿಯ ಪಾತ್ರೆ ಇರಬಹುದೆಂದು ತೀರ್ಥರಾಮ ನೋಡಿದ. ಒಂದು ಬಾರ್ ಸೋಪು, ತೆಂಗಿನ ನಾರು, ಬಣ್ಣ ತೆಗೆಯಲು ಎರಡು ಹೋಳು ಲಿಂಬೆಹುಳಿ, ಒಂದು ಬೈರಾಸು. ಅಷ್ಟೇ.

ಅವನಿಗೆ ಈ ಸಲ ನಿಜವಾಗಿಯೂ ಉಸಿರು ಕಟ್ಟಿತು.

"ಮೋಹಿನಿ... ನಿನಗೆ ಮನೆಯಲ್ಲೇ ಗೊತ್ತಾಗಿತ್ತಾ?"

"ಡ್ರಮ್ಮಿಗೆ ಮದ್ದು ಬೆರೆಸಿದ್ದು ನಾನಲ್ವಾ? ಕಣ್ಣಿನ ಸುತ್ತ ಕನ್ನಡಕದ ಗುರುತು ಬೇರೆ. ಬಿದ್ದವರು ಕನ್ನಡಕ ಹಾಕಿ ಬೀಳ್ತಾರಾ?" ಅವಳು ನಾರಿಗೆ ಸೋಪು ಹಚ್ಚಿ ಉಜ್ಜತೊಡಗಿದಳು. "ನಾನು ಹೇಳಿದ್ರೆ ನಿಮ್ಮ ದಮ್ಮು ಹೋಗ್ತಿರ್ಲಿಲ್ಲ. ಡಾಕ್ಟ್ರೇ ಹೇಳ್ಬೇಕಿತ್ತು, ಅದಕ್ಕೇ ಕರ್ಕೊಂಡು ಬಂದದ್ದು."

"ಮತ್ತೆ ನೀನು ಅಷ್ಟು ಅತ್ತದ್ದು?"

"ನೀವು ಆರು ವರ್ಷ ಕೆಮ್ಮಲಿಲ್ವಾ? ನಾನು ಒಂದು ದಿನ ಅಳಬಾರ್ದಾ?"

ಸೋಪಿನ ನೊರೆಯ ಒಳಗಿಂದ ತೀರ್ಥರಾಮ ಕ್ಷೀಣ ದನಿಯಲ್ಲಿ ಕೇಳಿದ: "ಭಾನುವಾರ ಸ್ಪರ್ಧೆ ಉಂಟು..."

"ಭಾನುವಾರ ಮಳೆ ಇಲ್ಲ ಅಂತ ಹೇಳಿದ್ದಾರೆ. ನಮ್ಮಲ್ಲಿಯೂ ಮೂರು ಉಂಟು. ಮದ್ದು ಬೆರೆಸುದು, ಪೈಪು ಎಳೆಯುದು, ದೋಟಿ ಹಿಡಿಯುದು. ಒಂದರ ಬೆನ್ನಿಗೆ ಒಂದು. ಮೂರನ್ನೂ ನೀವೇ ಮಾಡಿ. ನಾನು ಒಳಗೆ ಕೂತ್ಕೊಳ್ತೇನೆ."

ಹಾಗೆನ್ನುತ್ತ ಅವನು ಕೈಯಲ್ಲಿ ಹಿಡಿದಿದ್ದ ಅಂಗಿಯನ್ನು ತೆಗೆದುಕೊಂಡು, ಬೆಳಗ್ಗಿನಿಂದ ಯಾರ ಕಣ್ಣಿಗೂ ಬೀಳದೆ ಕಾಲರಿಗೆ ನೇತಾಡುತ್ತಿದ್ದ ಕ್ಲಿಪ್ಪನ್ನು ಕಿತ್ತು ಚೀಲಕ್ಕೆ ಹಾಕಿದಳು.

"ಒಂದು ತಿಂಗಳಿಂದ ಹುಡುಕ್ತಾ ಇದ್ದೆ" ಎಂದಳು.