ಮಡಚಬಾರದು, ಸುತ್ತಬೇಕು!

ನಮ್ಮ ಭಾವ ಈ ಭೂಮಿಯ ಮೇಲೆ ಮಡಚಲು ಒಪ್ಪುವುದು ತಮ್ಮ ಎರಡು ಮೊಣಕಾಲುಗಳನ್ನು ಮಾತ್ರ! ಉಳಿದದ್ದೆಲ್ಲ ಸುರುಳಿ. ಕತಾರಿನ ದುಖಾನ್ ಎಂಬ ಎಣ್ಣೆಬಾವಿಗಳ ಊರಿನಲ್ಲಿ ಪೈಪುಗಳ ನಡುವೆ ಆಯುಷ್ಯ ಕಳೆದವರು, ಉರುಟಾದದ್ದರ ಮೇಲೆ ಮೋಹವಿರಬಹುದು ಎಂದು ಮೊದಮೊದಲು ನಾನೂ ಸುಮ್ಮನಿದ್ದೆ.

ಹುಚ್ಚು ಹಿಡಿದದ್ದು ದೋಹಾದ ಒಂದು ಪ್ರದರ್ಶನದಲ್ಲಿ. ನಮ್ಮಿಬ್ಬರನ್ನೂ ಎಳೆದುಕೊಂಡು ಹೋದವಳು ಅವರ ಮಗಳು. ಮೊರಾಕ್ಕೊದ ಯಹೂದಿಗಳು ಹಬ್ಬದ ದಿನ ಓದುವ, ಎಸ್ತೇರ್ ರಾಣಿಯ ಕಥೆಯ ಚರ್ಮದ ಸುರುಳಿ ಅಲ್ಲಿತ್ತು. ಸಾಲು ಕಮಾನು, ಕಮಾನಿನಡಿ ಅಕ್ಷರ, ಸುತ್ತ ಬಳ್ಳಿ, ಹಕ್ಕಿ. ಬಣ್ಣವಂತೂ ನಿನ್ನೆ ಬಳಿದಂತೆ! ಪಕ್ಕದಲ್ಲಿ ಅವರ ಧರ್ಮಗ್ರಂಥದ ಸುರುಳಿಗೆ ತೊಡಿಸುವ ಮಖಮಲ್ಲಿನ ಅಂಗಿ, ಮೈತುಂಬ ಜರಿ.

"ದೇವರಿಗೆ ಅಲಂಕಾರ ಮಾಡಿದ ಹಾಗೆ ಉಂಟಲ್ಲ ಮಾರಾಯಾ!" ಭಾವ ಗಾಜಿಗೆ ಮೂಗು ಒತ್ತಿದರು. ಅಲಾರಂ ಹೊಡೆದುಕೊಂಡರೆ? ಪೊಲೀಸರು ಬಂದರೆ? ನನ್ನ ವೀಸಾ ಹೋದರೆ? ನಾನು ಅವರ ಅಂಗಿ ಹಿಡಿದು ಜಗ್ಗಿದೆ.

ವಿವರಿಸುತ್ತಿದ್ದ ಹುಡುಗಿ ಹೇಳಿದಳು: ತೀರಿಹೋದವರ ನೆನಪಿಗೆ, ಹೆಂಗಸರ ಮದುವೆಯ ಉಡುಪಿನ ಹೊಲಿಗೆ ಬಿಚ್ಚಿ ಅದರಿಂದಲೇ ಇಂಥ ಅಂಗಿ ಹೊಲಿಸುವುದೂ ಅಲ್ಲಿ ಉಂಟಂತೆ. ಭಾವ ಮೂಗು ಹಿಂದೆ ತೆಗೆದರು.

"ಈ ಚರ್ಮ ಇಷ್ಟು ಕಾಲ ಉಳಿದದ್ದು ಹೇಗೆ?"

"ಸುತ್ತಿಟ್ಟದ್ದರಿಂದ. ಮಡಚಿದ್ದರೆ ಮಡಿಕೆಯಲ್ಲೇ ಒಡೆಯುತ್ತಿತ್ತು."

ಖಲಾಸ್! ಮರುದಿನದಿಂದ ಮದೀನತ್ ಖಲೀಫಾದ ಅವರ ಮನೆಯಲ್ಲಿ ಮಡಿಕೆಗೆ ಪ್ರವೇಶವಿಲ್ಲ. ಅಂಗಿ, ಟವೆಲು, ಕರೆಂಟು ಬಿಲ್ಲು ಎಲ್ಲ ಸುರುಳಿ. ನಮ್ಮ ಮನೆಗೆ ಊಟಕ್ಕೆ ಬಂದವರು, ನೀರುದೋಸೆ ಮಡಚಿ ಬಡಿಸಿದ ನನ್ನ ಹೆಂಡತಿಗೆ ಉಪನ್ಯಾಸ ಕೊಟ್ಟು, ದೋಸೆಯನ್ನು ಬಿಡಿಸಿ ಲಟ್ಟಣಿಗೆಗೆ ಸುತ್ತಿದರು. ಅದು ಅಲ್ಲೇ ಅಂಟಿಕೊಂಡಿತು. ಭಾವ ಸೋಲುವವರೇ? ಲಟ್ಟಣಿಗೆಯನ್ನೇ ಚಟ್ನಿಗೆ ಅದ್ದಿದರು!

"ಮಾವ, ಪಪ್ಪನಿಗೆ ಸ್ವಲ್ಪ ಹೇಳಿ. ನನ್ನ ಲೆಹಂಗಾ ಎಲ್ಲ ರೋಲ್ ಮಾಡಿ ಪಿವಿಸಿ ಪೈಪಿಗೆ ಹಾಕಿದ್ದಾರೆ!" ಮಗಳ ಫೋನು. ಅವಳ ಮದುವೆಗೆಂದು ಊರಿಗೆ ಹೊರಟವರು. ವಿಮಾನ ನಿಲ್ದಾಣದಲ್ಲಿ ಇವನ್ನು ಫಿರಂಗಿ ಎಂದು ತಿಳಿದರೆ? ನಾನು ಬಿಪಿ ಮಾತ್ರೆ ನುಂಗಿದೆ.

ಭಾವನ ಮಗಳಿಗೆ ಇದ್ದದ್ದು ಒಂದೇ ಹಟ: ಅಮ್ಮನ ಧಾರೆ ಸೀರೆ ಉಟ್ಟೇ ಮದುವೆಯಾಗುವುದು. ಅಮ್ಮ ಎಂದರೆ ತೀರಿಹೋದ ನನ್ನ ಅಕ್ಕ. ಆ ಮಾತೆತ್ತಿದರೆ ಭಾವ "ನೋಡುವಾ, ನೋಡುವಾ" ಎಂದು ಜಾರುತ್ತಿದ್ದರು. ಅದನ್ನೂ ಪೈಪಿಗೆ ತುರುಕಿದರೇ? ಶುಕ್ರವಾರ ರಜೆ, ಉಮ್ಮ್ ಸಲಾಲಿನ ನಮ್ಮ ಮನೆಯಿಂದ ಭಾವನಲ್ಲಿಗೆ ಓಡಿದೆ.

"ಭಾವಾ, ಅಕ್ಕನ ಸೀರೆ ಯಾವ ಪೈಪಿನಲ್ಲುಂಟು?"

"ಪೈಪಿನಲ್ಲಿಲ್ಲ." ಕಪಾಟು ತೆರೆದರು. ಇಡೀ ಮನೆಯಲ್ಲಿ ಮಡಚಿಟ್ಟಿದ್ದ ಒಂದೇ ಒಂದು ಬಟ್ಟೆ! ಮೆಲ್ಲಗೆ ಬಿಡಿಸಿದರು. ಮಡಿಕೆ ಇದ್ದಲ್ಲೆಲ್ಲ ರೇಷ್ಮೆ ಸೀಳಿತ್ತು.

"ಅವಳು ಹೋದಾಗ ನಾನೇ ಮಡಚಿಟ್ಟದ್ದು. ಮತ್ತೆ ಬಿಚ್ಚಲಿಕ್ಕೆ ಧೈರ್ಯ ಬರ್ಲಿಲ್ಲ ಮಾರಾಯಾ. ಮದುವೆ ನಿಶ್ಚಯ ಆದ ಮೇಲೆ ತೆಗೆದು ನೋಡ್ತೇನೆ, ಹೀಗೆ. ಸುತ್ತಲಿಕ್ಕೂ ಹೆದರಿಕೆ, ಇನ್ನಷ್ಟು ಹರಿದ್ರೆ? ಮಗಳಿಗೆ ಹೇಗೆ ಹೇಳುವುದು?"

ಹೇಳುವ ಅಗತ್ಯವಿರಲಿಲ್ಲ. ಅವಳು ಬಾಗಿಲಲ್ಲೇ ನಿಂತಿದ್ದಳು. ಬಂದು ಸೆರಗನ್ನು ಸವರಿದಳು.

"ಪಪ್ಪ, ಇದು ಗಟ್ಟಿ ಉಂಟಲ್ಲ? ಬ್ಲೌಸ್ ಹೊಲಿಸುವಾ. ಪ್ರದರ್ಶನದಲ್ಲಿ ನೋಡಿದ ಆ ಮಖಮಲ್ ಅಂಗಿ ಹಾಗೆ."

ಭಾವ ಒಂದು ತುದಿ ಹಿಡಿದರು, ಅವಳು ಇನ್ನೊಂದು. ಇಬ್ಬರೂ ಸೇರಿ, ಮಗುವನ್ನು ಬಟ್ಟೆಯಲ್ಲಿ ಸುತ್ತುವಷ್ಟು ಮೆಲ್ಲಗೆ, ಸುತ್ತತೊಡಗಿದರು.

ಮನೆಗೆ ಬಂದವನೇ ಹೆಂಡತಿಯ ಧಾರೆ ಸೀರೆಯನ್ನು ಹೊರತೆಗೆದೆ.

"ನಿಮಗೂ ಹಿಡಿಯಿತಾ?" ಎಂದಳು.

"ಲಟ್ಟಣಿಗೆ ಎಲ್ಲುಂಟು?" ಎಂದೆ.