ಒನಕೆಗೆ ಸುತ್ತಿದ ಎರಡೆಳೆ

ನನ್ನ ಸೋದರಮಾವ ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಮಾತ್ರ ಸಂಸಾರಸ್ಥರು. ಉಳಿದ ದಿನಗಳಲ್ಲಿ ಅವರ ವಾಸವೆಲ್ಲ ನಮ್ಮ ಅಮ್ಮನ ಒನಕೆಯ ಜೊತೆಗೆ. ನಗಬೇಡಿ, ಇದು ಸತ್ಯ!

ನಮ್ಮ ಕಡೆ ಮನೆ, ಆಸ್ತಿ ಎಲ್ಲ ಹೆಂಗಸರ ಕವಲಿನಲ್ಲಿ ಇಳಿಯುವುದು. ಮದುವೆಯಾದ ಮೇಲೂ ಹೆಂಡತಿ ತನ್ನ ತಾಯಿಮನೆಯಲ್ಲಿ, ಗಂಡ ತನ್ನ ಅಕ್ಕತಂಗಿಯರ ಮನೆಯಲ್ಲಿ ಇದ್ದರೆ ಆ ಕಾಲದಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಹಾಗಾಗಿ ಬಂಟ್ವಾಳದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರಾಗಿದ್ದ ಮಾವ ನಮ್ಮ ಮನೆಯಲ್ಲಿ, ಅತ್ತೆ ಬೆಳುವಾಯಿಯಲ್ಲಿ. ಪ್ರತಿ ಶನಿವಾರ ಮಾವ ಬಸ್ಸು ಹತ್ತಿ ಅಲ್ಲಿಗೆ ಹೋಗುವುದು. ಅತ್ತೆ ಜಗಲಿಗೆ ಬಂದು, ನೆಂಟರಿಗೆ ಕೊಡುವ ಹಾಗೆ ಬೆಲ್ಲ, ನೀರು ತಂದಿಡುವುದು. ಮದುವೆಯಾಗಿ ಇಷ್ಟು ವರ್ಷವಾದರೂ ಬೆಲ್ಲ ನೀರು ತಪ್ಪಿರಲಿಲ್ಲ.

ಹೆಂಡತಿ ಬಂಟ್ವಾಳಕ್ಕೆ ಬಂದು ತನ್ನ ಜೊತೆ ಇರಬೇಕು ಎಂದು ಮಾವನ ಹಟ. ಇಲ್ಲೇ ಹತ್ತಿರ ಮೂಡಬಿದ್ರೆಯ ಶಾಲೆಯಲ್ಲಿ ಮಾಸ್ಟ್ರ ಕೆಲಸ ಖಾಲಿ ಉಂಟು, ನೀವೇ ಬನ್ನಿ ಎಂದು ಅತ್ತೆಯ ಹಟ. ಹೆಂಡತಿಯ ಮನೆಯಲ್ಲಿ ಹೋಗಿ ಕೂರುವುದೇ? ಊರವರು ಏನು ಹೇಳಿಯಾರು? ಮಾವ ಒಮ್ಮೆ ಹಿಡಿದರೆ ಬಿಡುವ ಪೈಕಿ ಅಲ್ಲ.

ಈ ನಡುವೆ ಒನಕೆ ಎಲ್ಲಿಂದ ಬಂತು ಅಂತೀರಾ? ಮಂಗಳೂರಿನ ಕಾಲೇಜೊಂದರ ಲೈಬ್ರೆರಿಯಲ್ಲಿ ಮಾವನಿಗೆ ಪರಿಚಯದವರೊಬ್ಬರಿದ್ದರು. ಅಲ್ಲಿ ಇಂಗ್ಲಿಷ್ ಪತ್ರಿಕೆಗಳನ್ನು ಓದಿ ಓದಿ ಅವರಿಗೆ ಡಿಎನ್‌ಎಯ ಹುಚ್ಚು ಹಿಡಿಯಿತು. ಡಿಎನ್‌ಎ ಎರಡೆಳೆಯ ಸುರುಳಿ ಎಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಆದರೆ ಒಂದು ಎಳೆ ಡಿಎನ್‌ಎ, ಇನ್ನೊಂದು ಎಳೆ ಆರ್‌ಎನ್‌ಎ ಸೇರಿ ಸುತ್ತಿಕೊಂಡರೆ ಆ ಮಿಶ್ರ ಸುರುಳಿ ಹೇಗಿರುತ್ತದೆ? ಅದನ್ನು ಕಟ್ಟಿ ನಿಲ್ಲಿಸದೆ ತಾನು ಮಾಸ್ಟ್ರೇ ಅಲ್ಲ ಎಂದು ಮಾವ ಪಣ ತೊಟ್ಟರು. ತೆಂಗಿನ ನಾರಿನ ಹಗ್ಗಕ್ಕೆ ಗೋಲಿಯಂತಹ ಹೊನ್ನೆಕಾಯಿ ಪೋಣಿಸಿದರು. ಎರಡೆಳೆಗಳನ್ನು ಜೋಡಿಸುವ ಮೆಟ್ಟಿಲಿಗೆ ಬಿದಿರಿನ ಕಡ್ಡಿ. ಆರ್‌ಎನ್‌ಎಯ ಸಕ್ಕರೆಯಲ್ಲಿ ಒಂದು ಆಮ್ಲಜನಕ ಹೆಚ್ಚಿಗೆ ಇರುತ್ತದೆಯಲ್ಲ, ಅದಕ್ಕಾಗಿ ಆ ಬದಿಯ ಒಂದೊಂದು ಹೊನ್ನೆಕಾಯಿಗೂ ಒಂದೊಂದು ಹುಣಸೆಬೀಜ ಅಂಟಿಸಿದರು. ನಡುವೆ ಆಧಾರಕ್ಕೆ ಅಮ್ಮನ ಒನಕೆ! ಅಮ್ಮ ಅವಲಕ್ಕಿ ಕುಟ್ಟಲು ನೆರೆಮನೆಗೆ ಹೋಗಬೇಕಾಯಿತು.

ಒನಕೆ ಇದ್ದಷ್ಟು ಹೊತ್ತು ಸುರುಳಿ ನಿಲ್ಲುತ್ತಿತ್ತು. ತೆಗೆದ ಕೂಡಲೇ ಕುಸಿದು ಬೀಳುತ್ತಿತ್ತು. ಡಿಎನ್‌ಎಯ ಮೆಟ್ಟಿಲು ಅಡ್ಡಕ್ಕೆ ನೆಟ್ಟಗೆ ಇರುವುದು, ಆರ್‌ಎನ್‌ಎಯದ್ದು ಓರೆಯಾಗಿ. ಮಾವ ಎಲ್ಲವನ್ನೂ ನೆಟ್ಟಗೆ ಮಾಡಲು ಹೋದರೆ ಹುಣಸೆಬೀಜಗಳು ಒಂದಕ್ಕೊಂದು ತಾಗಿ ಎಲ್ಲ ಸೊಟ್ಟ. ಆದರೂ ಡಿಎನ್‌ಎಯೇ ದೊಡ್ಡದು, ಆರ್‌ಎನ್‌ಎ ಅದರ ದಾರಿಗೆ ಬರಲೇಬೇಕು ಎಂದು ಅವರ ವಾದ. ಬಿಚ್ಚುವುದು, ಕಟ್ಟುವುದು, ಬೀಳಿಸುವುದು, ಮತ್ತೆ ಕಟ್ಟುವುದು.

"ಅದಕ್ಕೆ ಮನಸ್ಸಿಲ್ಲದಿದ್ದರೆ ಬಿಡು ಮಾರಾಯ, ನನ್ನ ಒನಕೆ ಕೊಡು" ಎಂದರು ಅಮ್ಮ.

ಮಾವ ಬಿಟ್ಟರೆ ತಾನೆ? ಒಂದು ಶನಿವಾರ ಒನಕೆ ಸಮೇತ ಸುರುಳಿಯನ್ನು ಹೊತ್ತುಕೊಂಡು ಬೆಳುವಾಯಿಗೆ ಹೊರಟರು. ಜೊತೆಗೆ ನಾನು. ಆಗ ನಾನು ಟೈಪಿಂಗ್ ಕಲಿಯುತ್ತಿದ್ದೆ, ರಜೆಯಿತ್ತು. ಬಸ್ಸಿನ ಕಂಡಕ್ಟರು ಅದನ್ನು ಮೀನು ಹಿಡಿಯುವ ಕೂಳಿ ಎಂದುಕೊಂಡು, ಯಾವ ಹೊಳೆಗೆ ಎಂದು ವಿಚಾರಿಸಿದ. ಪೊಳಲಿಯ ಅಜ್ಜಿಯೊಬ್ಬರು ಮಾತ್ರ ಹೆಣೆದುಕೊಂಡ ಎರಡೆಳೆ ನೋಡಿದ್ದೇ ಕೈ ಮುಗಿದು, ಯಾವ ಬನದಲ್ಲಿ ನಾಗಪ್ರತಿಷ್ಠೆ ಎಂದು ಕೇಳಿದರು. ಮಾವ ಜೀವಕೋಶದಿಂದ ಶುರುಮಾಡಿ ಮೂಡಬಿದ್ರೆವರೆಗೂ ವಿವರಿಸಿದರು. ಅಜ್ಜಿ ಎಲ್ಲ ಕೇಳಿ ಇಳಿಯುವಾಗ ಇನ್ನೊಮ್ಮೆ ಕೈ ಮುಗಿದರು.

ಬೆಳುವಾಯಿಯ ಅಂಗಳದಲ್ಲಿ ಅಂದು ಅಕ್ಕಿ ಮುಡಿ ಕಟ್ಟುವ ಕೆಲಸ. ಬೈಹುಲ್ಲಿನೊಳಗೆ ಅಕ್ಕಿ ತುಂಬಿಸಿ, ಹುಲ್ಲಿನ ಹಗ್ಗದಿಂದ ಬಿಗಿದು ಚೆಂಡಿನ ಹಾಗೆ ಉರುಟಾಗಿ ಕಟ್ಟುವುದು ಬೇರೆಯವರಿಗೆ ಸುಲಭಕ್ಕೆ ಬರುವ ಕೆಲಸವಲ್ಲ. ಮಾವ ಸುರುಳಿಯಿಂದ ಒನಕೆ ಎಳೆದು ತೆಗೆದು, ಇದನ್ನು ಬೀಳದ ಹಾಗೆ ಸ್ವಲ್ಪ ಬಿಗಿದು ಕೊಡು ಎಂದು ಮುಡಿ ಕಟ್ಟುವವನಿಗೆ ಒಪ್ಪಿಸಿ ಸ್ನಾನಕ್ಕೆ ಹೋದರು. ಬಂದು ನೋಡುತ್ತಾರೆ, ಸುರುಳಿಯೇ ಇಲ್ಲ! ಸಾಲಾಗಿ ಇಟ್ಟ ಮುಡಿಗಳ ಪಕ್ಕದಲ್ಲಿ ಇನ್ನೊಂದು ಪುಟ್ಟ, ಉರುಟು ಮುಡಿ. ಅದರೊಳಗೆ ಡಿಎನ್‌ಎ, ಆರ್‌ಎನ್‌ಎ ಎರಡೂ ಭದ್ರ. ಅವನ ತಪ್ಪೇನು? ಅವನ ಕೈಗೆ ಬಿಗಿಯುವುದೆಂದರೆ ಅದೊಂದೇ.

ಅತ್ತೆ ಕಂಬ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮೆಲ್ಲಗೆ ಹೇಳಿದರು:

"ಮೂಡಬಿದ್ರೆಯ ಕೆಲಸ ಬೇಸಗೆ ರಜೆ ಮುಗಿದು ಶಾಲೆ ಶುರುವಾಗುವವರೆಗೆ ಮಾತ್ರ ಖಾಲಿ ಇರುತ್ತದಂತೆ. ಆಮೇಲೆ ನಾನು ಶನಿವಾರದ ಬಸ್ಸಿಗೆ ಕಾಯುವುದಿಲ್ಲ. ನನಗೆ ಸಾಕಾಯಿತು."

ಅತ್ತೆಯದ್ದು ಬಾಯಿಮಾತಿನ ಬೆದರಿಕೆ ಅಲ್ಲ ಎಂದು ನನಗೂ ಗೊತ್ತಾಯಿತು. ಹಿಂದಿರುಗುವಾಗ ಬಸ್ಸಿನಲ್ಲಿ ಮಾವ ಒನಕೆಯನ್ನೂ ಆ ಪುಟ್ಟ ಮುಡಿಯನ್ನೂ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮನೆಗೆ ಬಂದು ಮುಡಿ ಬಿಚ್ಚಿ, ಪುನಃ ಕಟ್ಟಲು ಕುಳಿತರು!

ಬೇಸಗೆ ರಜೆಯಲ್ಲಿ ಮಂಗಳೂರಿಗೆ ಹೋಗಿ ಬಂದವರ ಮುಖ ಬೇರೆಯೇ ಇತ್ತು. ಹೊಸ ಪತ್ರಿಕೆಯಲ್ಲಿ ಮಿಶ್ರ ಸುರುಳಿಯ ಎಕ್ಸ್‌ರೇ ಚಿತ್ರದ ವಿಷಯ ಬಂದಿತ್ತಂತೆ. ಡಿಎನ್‌ಎಗೆ ಎರಡು ಭಂಗಿ ಗೊತ್ತುಂಟು, ನೀರು ಹೆಚ್ಚಿದ್ದರೆ ನೆಟ್ಟಗೆ, ಒಣಗಿದರೆ ಓರೆ. ಆರ್‌ಎನ್‌ಎಗೆ ಮಾತ್ರ ಆ ಹೆಚ್ಚಿನ ಆಮ್ಲಜನಕದಿಂದಾಗಿ ತನ್ನ ಓರೆ ಭಂಗಿ ಬಿಟ್ಟು ಆಚೀಚೆ ಹಂದಲಾಗದು. ಇಬ್ಬರೂ ಸೇರಿದಾಗ ಸುರುಳಿ ಹೆಚ್ಚುಕಡಿಮೆ ಆರ್‌ಎನ್‌ಎಯ ಹಾಗೆಯೇ ನಿಲ್ಲುವುದು. ಅಂದರೆ ಬಾಗುವುದು ಡಿಎನ್‌ಎ!

ಮಾವ ಹುಣಸೆಬೀಜದ ಎಳೆಯನ್ನು ಮುಟ್ಟಲಿಲ್ಲ. ಇನ್ನೊಂದು ಎಳೆಯನ್ನು ಬಿಚ್ಚಿ, ಅದರ ಓರೆಗೆ ಸರಿಯಾಗಿ ಬಗ್ಗಿಸಿ ಕಟ್ಟಿದರು. ಉಸಿರು ಬಿಗಿಹಿಡಿದು ಒನಕೆಯನ್ನು ಮೆಲ್ಲನೆ ಮೇಲಕ್ಕೆ ಎಳೆದರು. ಸುರುಳಿ ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಅಮ್ಮ ಸುರುಳಿಯ ಕಡೆ ನೋಡದೆ ಒನಕೆಯನ್ನು ಎತ್ತಿಕೊಂಡು ಒಳಗೆ ಹೊರಟರು.

"ಅಕ್ಕ," ಎಂದು ಮಾವ ಕರೆದರು. "ಬಗ್ಗಲು ಬರುವವನು ಬಗ್ಗಬೇಕು. ಅವಳ ಕೈಯಲ್ಲಿ ಗದ್ದೆ ಉಂಟು, ದನ ಉಂಟು, ಅಷ್ಟು ದೊಡ್ಡ ಮನೆ ಉಂಟು. ಅದನ್ನೆಲ್ಲ ಬಿಟ್ಟು ಅವಳು ಎಲ್ಲಿಗೆ ಬರುವುದು? ನನ್ನ ಕೈಯಲ್ಲಿ ಏನುಂಟು? ಒಂದು ಚಾಕ್‌ಪೀಸು."

ಅಮ್ಮ ಒನಕೆಯನ್ನು ಗೋಡೆಗೆ ಒರಗಿಸಿ ನಿಂತರು. ತಮ್ಮ ಹೋಗುತ್ತಾನೆ ಎಂದು ಅವರಿಗೆ ಸಂಕಟ, ಸರಿಯಾದದ್ದನ್ನೇ ಹೇಳಿದನಲ್ಲ ಎಂದು ಸಮಾಧಾನ. ಕೊನೆಗೆ, ಹೋಗುವ ಮೊದಲು ಊಟ ಮಾಡಿ ಹೋಗು ಎಂದಷ್ಟೇ ಹೇಳಿದರು.

ಮೂಡಬಿದ್ರೆಯ ಶಾಲೆಯಲ್ಲಿ ಮಾತಾಡಿ ಒಪ್ಪಿಕೊಂಡು, ಅಲ್ಲಿಂದ ಮಾವ ಟ್ರಂಕು ಹಿಡಿದು, ನಾನು ಸುರುಳಿ ಹಿಡಿದು ಬೆಳುವಾಯಿಗೆ ಹೋದೆವು. ಅತ್ತೆ ಜಗಲಿಯಲ್ಲಿ ಬಿತ್ತನೆಯ ಭತ್ತ ಕೇರುತ್ತಿದ್ದರು. ತಲೆಯೆತ್ತಿ ಟ್ರಂಕನ್ನು ನೋಡಿದರು.

"ಇವತ್ತು ಬುಧವಾರ" ಎಂದರು.

"ಹೌದು. ನಾಳೆಯೂ ಇರ್ತೇನೆ, ನಾಡಿದ್ದೂ ಇರ್ತೇನೆ."

ಅತ್ತೆ ಗೆರಸೆ ಕೆಳಗಿಟ್ಟು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಬೆಲ್ಲ, ನೀರು. ಮಾವ ಅಭ್ಯಾಸದಿಂದ ಕೈ ಚಾಚಿದರು. ಅತ್ತೆ ಅವರನ್ನು ದಾಟಿ ಬಂದು ಅದನ್ನು ನನ್ನ ಮುಂದೆ ಇಟ್ಟರು.

"ನಿಮಗೆ ಬೇಕಾದರೆ ಒಳಗುಂಟು," ಎಂದರು ಮಾವನಿಗೆ, "ಹೋಗಿ ತೆಗೊಳ್ಳಿ."