ಕಣ್ಣಿನ ಪರೀಕ್ಷೆಯಲ್ಲಿ ಅತ್ತೆ ಪಾಸು

ಕಣ್ಣಿನ ಪರೀಕ್ಷೆಯನ್ನು ಬಾಯಿಪಾಠ ಮಾಡಿ ಪಾಸಾದವರನ್ನು ನೀವು ಕಂಡಿದ್ದೀರಾ? ನನ್ನ ಸೋದರತ್ತೆ ಮೂರು ಸಲ ಪಾಸಾಗಿದ್ದಾರೆ. ಕಣ್ಣು ಮಾತ್ರ ಕಾಣುತ್ತಿರಲಿಲ್ಲ!

ಅವರ ಊರು ಬೇಗೂರಿನಲ್ಲಿ ಹಿರಿಯರಿಗೆಂದು ಆಗಾಗ ಆರೋಗ್ಯ ಶಿಬಿರ ನಡೆಯುತ್ತದೆ. ಬಿಪಿ, ಶುಗರ್, ಕಣ್ಣು, ಕೊನೆಯಲ್ಲಿ ಒಂದು ಬಾಳೆಹಣ್ಣು. ಅತ್ತೆ ಅದಕ್ಕೆ ಬೀಗರ ಊಟಕ್ಕೆ ಹೊರಟವರ ಹಾಗೆ ಅಂಚಿನ ಸೀರೆ ಉಟ್ಟು ಹೊರಡುತ್ತಾರೆ. ಗುಂಡ್ಲುಪೇಟೆಯಲ್ಲಿರುವ ನನಗೂ ಫೋನು ಬರುತ್ತದೆ, ನಾನೂ ರಜೆ ಹಾಕಿ ಬಸ್ಸು ಹತ್ತಬೇಕು. ಒಮ್ಮೆ ನರ್ಸಮ್ಮ ಅತ್ತೆಯ ಬಿಪಿ ನೋಡಿ, "ನೂರಾ ಮೂವತ್ತು ಅಜ್ಜಿ, ಪರವಾಗಿಲ್ಲ" ಎಂದರು. ಅತ್ತೆಯ ಮುಖ ಸಣ್ಣದಾಯಿತು.

"ಆ ಮೂಲೆಮನೆಯೋಳ್ಗೆ ನೂರೈವತ್ತು, ನಂಗ್ ಬರೀ ಮೂವತ್ತಾ? ಇನ್ನೊಂದ್ಸಲ ಬಿಗಿಯಾಗ್ ಕಟ್ ನೋಡವ್ವ."

ಸಿಟ್ಟಿಗೆದ್ದು ಮತ್ತೆ ಕಟ್ಟಿಸಿಕೊಂಡರು. ನೂರಾ ನಲವತ್ತೆಂಟು ಬಂತು. ಸಿಟ್ಟಿನಿಂದ ಬಂದ ಹದಿನೆಂಟನ್ನು ಮನೆಗೆ ಹೋಗುವ ದಾರಿಯುದ್ದಕ್ಕೂ ಎಲ್ಲರಿಗೂ ಹೇಳಿದರು.

ಕಣ್ಣಿನ ಸಾಲಿಗೆ ಬಂದರೆ ಮಾತ್ರ ಇದೇ ಅತ್ತೆ ಕಟ್ಟಕಡೆಗೆ ನಿಲ್ಲುತ್ತಿದ್ದರು. "ವಯಸ್ಸಾದವರು ಮುಂದೆ ಬನ್ನಿ" ಎಂದರೆ, "ವಯಸ್ಸಾದೋರು ಬತ್ತಾರೆ, ಇರಪ್ಪ" ಎನ್ನುವರು. ಮುಂದಿದ್ದ ಇಪ್ಪತ್ತು ಜನ ಗೋಡೆಯ ಮೇಲಿನ ಪಟ್ಟಿಯ ಅಕ್ಷರಗಳನ್ನು ಓದುವಷ್ಟರಲ್ಲಿ ಅದೆಲ್ಲ ಅವರ ಬಾಯಿಗೆ ಬಂದಿರುತ್ತಿತ್ತು. ಸರದಿ ಬಂದಾಗ ಒಂದು ಕಣ್ಣು ಮುಚ್ಚಿಕೊಂಡು, ಮಗ್ಗಿ ಒಪ್ಪಿಸುವಂತೆ ಮೇಲಿಂದ ಕೆಳಗಿನವರೆಗೆ ಒಪ್ಪಿಸಿಬಿಡುವರು.

ಸತ್ಯ ಗೊತ್ತಿದ್ದದ್ದು ನನಗೊಬ್ಬಳಿಗೆ. ಈ ಬಾಯಿಪಾಠ ಶುರುವಾಗುವ ಮೊದಲು ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದವಳೇ ನಾನು. ಎರಡು ಕಣ್ಣಿಗೂ ಪೊರೆ ಬಂದಿದೆ, ಬಲಗಣ್ಣಿನದು ಬಲಿತಿದೆ, ಬೇಗ ಆಪರೇಷನ್ ಮಾಡಿಸಿ, ತಡಮಾಡಿದರೆ ಕಣ್ಣಿಗೇ ಅಪಾಯ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅತ್ತೆ ತಲೆಯಾಡಿಸಿ ಬಂದವರು ಮತ್ತೆ ಆ ಕಡೆ ತಿರುಗಲಿಲ್ಲ. ಯಾರಿಗಾದರೂ ಹೇಳಿದೆಯೋ, ಸತ್ತರೂ ನಿನ್ನ ಮನೆ ಮೆಟ್ಟಿಲು ತುಳಿಯುವುದಿಲ್ಲ ಎಂದು ಹೆದರಿಸಿ, ನನ್ನಿಂದ ಆಣೆ ಬೇರೆ ಮಾಡಿಸಿಕೊಂಡರು. ಆಮೇಲೆ ನಾನು ಅವರ ಮನೆಯಲ್ಲಿ ಉಪ್ಪು ಹಾಕಿದ ಕಾಫಿಯನ್ನು ತುಟಿಪಿಟಕ್ಕೆನ್ನದೆ ಕುಡಿದಿದ್ದೇನೆ. ಈ ಧೈರ್ಯವಂತೆಗೆ ಕತ್ತರಿಯ ಭಯವೇ ಎಂದು ಒಳಗೊಳಗೇ ನಗುತ್ತಲೂ ಇದ್ದೆ.

ಅಂಥ ಅತ್ತೆ ಪಕ್ಕದ ಮನೆಗೆ ಡಾಕ್ಟರು! ಅಲ್ಲಿರುವ ಬೂಬಮ್ಮನಿಗೆ ನಮ್ಮ ಆಸ್ಪತ್ರೆ ಓಡಾಟದ ಮೊದಲೇ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಗ ಸೊಸೆ ಹಾಸಿಗೆ ಹೊಲಿಯುವ ಅಂಗಡಿಗೆ ಹೋದರೆ ಬರುವುದು ಸಂಜೆಗೆ. ವ್ಯಾಯಾಮ ಹೇಳಿಕೊಡಲು ಮನೆಗೆ ಬಂದ ಫಿಸಿಯೋಥೆರಪಿಯ ಹುಡುಗಿ, ದಿನಾ ಕೈ ಎತ್ತಿಸಿ, ಈ ರಬ್ಬರ್ ಚೆಂಡು ಹಿಸುಕಿಸಿ ಎಂದು ಅತ್ತೆಗೆ ಒಪ್ಪಿಸಿ ಹೋದಳು. ಅತ್ತೆ ಮೂರೇ ದಿನಕ್ಕೆ ಚೆಂಡನ್ನು ಅಟ್ಟಕ್ಕೆ ಎಸೆದರು.

"ಇದ್ನ ಇಸ್ಕುದ್ರೆ ಏನ್ ಬತ್ತದೆ? ಅವ್ರೆಕಾಳ್ ನೆನೆ ಆಕಿವ್ನಿ, ಅದ್ನ ಇಸ್ಕು. ಕೈಯೂ ಬತ್ತದೆ, ಸಾರೂ ಆಯ್ತದೆ."

ಬೂಬಮ್ಮ ಹಿಸುಕಿದ ಬೇಳೆ ಗೋಡೆಗೆ, ಬೆಕ್ಕಿಗೆ, ಒಮ್ಮೆ ನನ್ನ ಹಣೆಗೂ ಹಾರಿತು. ಮುಂದಿನ ತಿಂಗಳು ಬಂದ ಹುಡುಗಿ ಬೆರಳುಗಳನ್ನು ಮುಟ್ಟಿ ನೋಡಿ, ಚೆಂಡಿನ ಮಾತೇ ಎತ್ತದೆ ಹಿತಕಿದ ಬೇಳೆ ಸಾರು ಉಂಡು ಹೋದಳು.

ಅತ್ತೆ ಸಿಕ್ಕಿಬಿದ್ದದ್ದು ನಾಲ್ಕನೇ ಶಿಬಿರದಲ್ಲಿ. ಹಿಂದಿನ ರಾತ್ರಿಯ ಗಾಳಿಗೆ ಒಡೆದ ಕಿಟಕಿಯಿಂದ ಪಟ್ಟಿಯ ಮೇಲೆ ಬಿಸಿಲು ಬೀಳತೊಡಗಿತೆಂದು, ಸಾಲು ಮುಗಿಯುವ ಹೊತ್ತಿಗೆ ಪಟ್ಟಿಯನ್ನು ಕಿತ್ತು ಆಚೆ ಕೋಣೆಗೆ ಒಯ್ದರು. ಅತ್ತೆ ಬಂದು, ಒಂದು ಕಣ್ಣು ಮುಚ್ಚಿ, ಬರೀ ಸುಣ್ಣದ ಗೋಡೆಯನ್ನು ಒಂದಕ್ಷರ ತಪ್ಪದೆ ಓದಿದರು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಶಾ ಕಾರ್ಯಕರ್ತೆಯೊಬ್ಬಳು ನಗಲಿಲ್ಲ. ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ, "ಆಪ್ರೇಸನ್ ಅಂದ್ರೆ ಎದ್ರುಕೇನಜ್ಜಿ?" ಎಂದಳು.

"ಎದ್ರುಕೆ ಏನ್ ಬಂತು ಕಣಮ್ಮಿ. ಆಪ್ರೇಸನ್ ಮಾಡುದ್ರೆ ತಿಂಗ್ಳುಗಂಟ ಬಗ್ಗಂಗಿಲ್ಲ, ಭಾರ ಎತ್ತಂಗಿಲ್ಲ ಅಂತಾರೆ. ಆ ಬೂಬಮ್ಮನ್ ಕೈಯ ಯಾರ್ ಎತ್ಸಾರು? ತಿಂಗ್ಳು ಬುಟ್ರೆ ಮತ್ತೆ ಮರಗಟ್ಟೋಯ್ತದೆ."

ನಾನು ತಲೆ ತಗ್ಗಿಸಿದೆ. ಒಂದು ವರ್ಷ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಆಶಾ ಹುಡುಗಿ ಅಂದೇ ಬೀದಿಯ ಹೆಂಗಸರನ್ನು ಸೇರಿಸಿ ಸರದಿ ಹಾಕಿದಳು. ಸೋಮವಾರ ಇವರು, ಮಂಗಳವಾರ ಅವರು. ಅತ್ತೆ ಒಬ್ಬೊಬ್ಬರಿಗೂ ಅವರೆಕಾಳಿನ ತರಬೇತಿ ಕೊಟ್ಟ ಮೇಲೆಯೇ ಚಾಮರಾಜನಗರದ ಬಸ್ಸು ಹತ್ತಿದ್ದು.

ಆಪರೇಷನ್ ಆಗಿ, ಮಾರನೆಯ ದಿನ ಬ್ಯಾಂಡೇಜು ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಕಳಿಸಿದರು. ಅತ್ತೆ ತಮ್ಮ ಮನೆಗೆ ಹೋಗದೆ ಸೀದಾ ಬೂಬಮ್ಮನ ಮನೆಗೆ ನಡೆದರು. ಕಣ್ಣಿಗೆ ಹನಿ ಹಾಕುವ ಹೊತ್ತಾಗಿತ್ತು. ನಾನು ಸೀಸೆ ತೆಗೆದೆ. ಮಂಚದ ಮೇಲಿಂದ ಬೂಬಮ್ಮ, "ನಂಗೆ ಕೊಡಮ್ಮ" ಎಂದು ಬಲಗೈ ಚಾಚಿದರು.

ಅತ್ತೆ ಕನ್ನಡಕ ತೆಗೆದು ಮಂಚದ ಪಕ್ಕ ಮುಖ ಮೇಲೆತ್ತಿ ಕುಳಿತರು. ಬೂಬಮ್ಮನ ಕೈ ನಿಧಾನವಾಗಿ ಮೇಲೇರಿತು. ಮೊದಲ ಹನಿ ಹಣೆಗೆ, ಎರಡನೆಯದು ಮೂಗಿಗೆ. "ಜರಾ ಸುಮ್ಕಿರಕ್ಕಾ" ಎಂದು ಅತ್ತೆಗೇ ಗದರಿದರು. ಮೂರನೆಯದು ಕಣ್ಣಿಗೆ ಬಿತ್ತು. ಅತ್ತೆ ರೆಪ್ಪೆ ಮಿಟುಕಿಸಿ, ತಮ್ಮ ತಲೆಯ ಮೇಲಿದ್ದ ಆ ಕೈಯನ್ನು ನೋಡಿದರು. ವರ್ಷವಿಡೀ ಅದನ್ನು ಎತ್ತಿಸಿದವರು ಎಂದೂ ಸರಿಯಾಗಿ ಅದನ್ನು ಕಂಡೇ ಇರಲಿಲ್ಲ.

"ಇಷ್ಟೆತ್ರ ಬತ್ತದಾ ನಿನ್ ಕೈ?"

"ಬರ್ತದೆ ಅಕ್ಕಾ. ನೀನು ನೋಡ್ಲಿ ಅಂತಾನೇ ಕಾಯ್ತಿದ್ದೆ."